ದುಡ್ಡಿದ್ದವರ ಆಟ ಅಂದ್ರಲ್ಲ, ಅದಕ್ಕೆ ಈ ಪತ್ರ

ಮಾನ್ಯ ಸಂಪಾದಕರೇ,

ನಮಸ್ಕಾರ. ನಾನು ಸಾಗರದ ಕಡೆಯವಳು. ಹದಿನಾಲ್ಕು ವರ್ಷದಿಂದ ಕೆನಡಾದ ಟೊರಾಂಟೊದಲ್ಲಿ, ಊರಿನ ಪೂರ್ವಕ್ಕಿರುವ ಸ್ಕಾರ್ಬರೊದಲ್ಲಿದ್ದೇನೆ. ನಿಮ್ಮ ಪತ್ರಿಕೆಯನ್ನು ದಿನಾ ಬಸ್ಸಿನಲ್ಲಿ ಫೋನಿನಲ್ಲೇ ಓದುತ್ತೇನೆ, ಅದರಲ್ಲೂ ಓದುಗರ ಪತ್ರ ಮೊದಲು, ರಾಜಕೀಯ ಆಮೇಲೆ. ಮೊನ್ನೆ ಅದೇ ಅಂಕಣದಲ್ಲಿ ಒಬ್ಬರು ಬರೆದಿದ್ದರು: ಟಿವಿಯಲ್ಲಿ ಫಿಗರ್ ಸ್ಕೇಟಿಂಗ್ (ಬ್ಲೇಡ್ ಇರುವ ಬೂಟು ಹಾಕಿಕೊಂಡು ಐಸಿನ ಮೇಲೆ ಜಾರುತ್ತಾ, ಜಿಗಿಯುತ್ತಾ, ಗಿರಗಿರ ತಿರುಗುವ ಆಟ) ನೋಡಿದೆ, ಬಹಳ ಚೆಂದ, ಆದರೆ ಅದು ದುಡ್ಡಿದ್ದವರ ಆಟ, ನಾಲ್ಕು ವರ್ಷಕ್ಕೇ ಶುರು ಮಾಡಿದವರ ಆಟ, ನಮ್ಮಂಥವರು ಕೂತು ನೋಡಬೇಕಷ್ಟೆ ಅಂತ. ಅವರು ಹೇಳಿದ್ದು ಅರ್ಧ ನಿಜ. ಇನ್ನರ್ಧ ಅಲ್ಲ. ನಾನು 41ನೇ ವಯಸ್ಸಿಗೆ ಸ್ಕೇಟ್ ಕಟ್ಟಿದವಳು. ಈಗ 44. ದಿನಸಿ ಸಾಮಾನಿನ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ, ಎರಡು ಮಕ್ಕಳು, ಬಾಡಿಗೆ ಮನೆ. ದುಡ್ಡಿದ್ದವಳಲ್ಲ ಅಂತ ಇಷ್ಟರಲ್ಲೇ ಗೊತ್ತಾಗಿರಬೇಕು.

ಮೊದಲು ನಿಜ ಇರುವ ಅರ್ಧ ಹೇಳಿಬಿಡುತ್ತೇನೆ. ಪದಕಕ್ಕೆ ಅಂತ ಹೊರಟರೆ ಈ ಆಟ ಮನೆ ತೊಳೆದುಬಿಡುತ್ತದೆ. ಕೋಚ್‌ಗೆ ಗಂಟೆ ಲೆಕ್ಕದಲ್ಲಿ ಕೊಡಬೇಕು, ಐಸಿಗೆ ಬೇರೆ, ಹಾಡಿಗೆ ಹೆಜ್ಜೆ ಹಾಕಿಸುವವರಿಗೆ ಬೇರೆ, ಬಟ್ಟೆಗೆ, ಓಡಾಟಕ್ಕೆ ಬೇರೆ. ನಮ್ಮ ಊರಿನಲ್ಲೇ ಟೊರಾಂಟೊ ಕ್ರಿಕೆಟ್, ಸ್ಕೇಟಿಂಗ್ ಆ್ಯಂಡ್ ಕರ್ಲಿಂಗ್ ಕ್ಲಬ್ ಅಂತ ಇದೆ. ಹೆಸರಲ್ಲಿ ಕ್ರಿಕೆಟ್ ನೋಡಿ ನಮ್ಮ ಮನೆಯವರು ಕಿವಿ ನಿಮಿರಿಸಿದ್ದರು! 2010ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಕೊರಿಯಾದ ಯುನಾ ಕಿಮ್, 2014 ಮತ್ತು 2018ರಲ್ಲಿ ಗೆದ್ದ ಜಪಾನಿನ ಯುಜುರು ಹನ್ಯು, ಇಬ್ಬರೂ ಅಲ್ಲಿ ಕೋಚ್ ಬ್ರಯಾನ್ ಆರ್ಸರ್ ಹತ್ತಿರ ತಯಾರಾದವರು. ಆ ಕ್ಲಬ್ಬಿನ ಗೇಟನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಅಷ್ಟೇ ನನ್ನ ಸಂಬಂಧ.

ಆದರೆ ಅದೇ ಊರಿನಲ್ಲಿ ನಗರಪಾಲಿಕೆಯ ಬಯಲು ಐಸ್ ರಿಂಕ್‌ಗಳು (ಸ್ಕೇಟ್ ಮಾಡುವ ಐಸಿನ ಅಂಗಳಗಳು) ಐವತ್ತಕ್ಕೂ ಜಾಸ್ತಿ ಇವೆ. ನವೆಂಬರ್ ಕೊನೆಗೆ ತೆರೆಯುತ್ತವೆ, ಮಾರ್ಚ್‌ವರೆಗೂ ಇರುತ್ತವೆ. ಒಳಗೆ ಹೋಗೋಕೆ ಒಂದು ಪೈಸೆ ಕೊಡಬೇಕಿಲ್ಲ. ನನಗೂ ಇದು ಹನ್ನೊಂದು ವರ್ಷ ಗೊತ್ತಿರಲಿಲ್ಲ ಅಂದರೆ ನಂಬ್ತೀರಾ? ಕೆಲಸ ಬಿಟ್ಟು ಮಧ್ಯಾಹ್ನ ಎರಡೂವರೆಗೆ ನಾನು ಬಸ್ ಬದಲಾಯಿಸುವ ಸ್ಟಾಪಿನ ಎದುರಿಗೇ ಒಂದು ರಿಂಕ್ ಇದೆ. ದಿನಾ ನೋಡುತ್ತಿದ್ದೆ, ಐಸ್ ಹಾಕಿ ಆಡುವ ಹುಡುಗರದ್ದು ಅಂದುಕೊಂಡಿದ್ದೆ. ಒಂದು ಜನವರಿಯಲ್ಲಿ ಬಸ್ ತಪ್ಪಿತು. ಮೈನಸ್ ಎಂಟು ಡಿಗ್ರಿ. ನಿಂತಲ್ಲೇ ನಿಂತರೆ ಕಾಲು ಮರಗಟ್ಟುತ್ತದೆ ಅಂತ ರಸ್ತೆ ದಾಟಿ ಹೋದೆ. ಇದ್ದಿದ್ದು ಮೂರೇ ಜನ. ಅದರಲ್ಲಿ ಒಬ್ಬರು, ನಮ್ಮ ಅತ್ತೆ ವಯಸ್ಸಿನವರು, ಮೂಲೆಯಲ್ಲಿ ಒಬ್ಬರೇ ಸುಮ್ನೆ ಎಂಟು ಬರೆಯುತ್ತಿದ್ದರು. ಹೌದು, ಇಂಗ್ಲಿಷಿನ ಅಂಕೆ ಎಂಟು. ಒಂದು ಕಾಲಲ್ಲಿ ಒಂದು ಸುತ್ತು, ಇನ್ನೊಂದು ಕಾಲಲ್ಲಿ ಇನ್ನೊಂದು ಸುತ್ತು, ಮತ್ತೆ ಅದೇ ಗೆರೆ ಮೇಲೆ. ಹಾರಾಟ ಇಲ್ಲ, ಗಿರಗಿರ ಇಲ್ಲ, ಹಾಡೂ ಇಲ್ಲ. ಎರಡು ಬಸ್ ಹೋದವು, ನಾನು ನೋಡುತ್ತಲೇ ಇದ್ದೆ. ಬೋರ್ಡ್ ಓದಿದೆ, ಪುಕ್ಕಟೆ ಅಂತ ಇತ್ತು. ಪುಕ್ಕಟೆ ಅಂದರೆ ನಮ್ಮ ಕಾಲು ತಾನಾಗೇ ಆ ಕಡೆ ಹೋಗುತ್ತದೆ ಅಲ್ವಾ.

ಚಳಿ ದೇಶ, ಐಸು ತಾನಾಗೇ ಕಟ್ಟುತ್ತದೆ ಅಂದುಕೊಳ್ಳಬೇಡಿ. ಕೆಳಗೆ ಕಾಂಕ್ರೀಟಿನೊಳಗೆ ಪೈಪ್ ಹಾಕಿರುತ್ತಾರೆ, ಅದರಲ್ಲಿ ಗಡಗಡ ತಣ್ಣಗಿನ ಉಪ್ಪುನೀರು ಓಡುತ್ತಿರುತ್ತದೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೂ ಹೆಪ್ಪುಗಟ್ಟಲ್ಲ, ನಮ್ಮಲ್ಲಿ ಕುಲ್ಫಿ ಗಾಡಿಯವರು ಐಸಿಗೆ ಉಪ್ಪು ಹಾಕುತ್ತಾರಲ್ಲ, ಅದೇ ವಿದ್ಯೆ. ಹಾಗಾಗಿ ಹೊರಗೆ ನಾಲ್ಕೈದು ಡಿಗ್ರಿ ಇದ್ದರೂ ಇಲ್ಲಿ ಐಸ್ ನಿಲ್ಲುತ್ತದೆ. ಪೈಪ್ ಇಲ್ಲದ ಕಡೆ ಕಥೆ ಬೇರೆ. ಒಟ್ಟಾವದಲ್ಲಿ ರಿಡೋ ಕಾಲುವೆ ಹೆಪ್ಪುಗಟ್ಟಿದಾಗ 7.8 ಕಿಲೋಮೀಟರ್ ಉದ್ದ ಸ್ಕೇಟ್ ಮಾಡಬಹುದು, ಅದೂ ಪುಕ್ಕಟೆ. ಐಸು ಸುಮಾರು 30 ಸೆಂಟಿಮೀಟರ್ ದಪ್ಪ ಆಗದೆ ಬಿಡಲ್ಲ. 2022-23ರ ಚಳಿಗಾಲದಲ್ಲಿ ಒಂದೇ ಒಂದು ದಿನ ತೆರೆಯಲಿಲ್ಲ. 1970-71ರಲ್ಲಿ ಶುರುವಾದ ಮೇಲೆ ಹಾಗಾಗಿದ್ದು ಅದೇ ಮೊದಲು. ಆ ವರ್ಷವೇ ನಾವು ಮಕ್ಕಳನ್ನು ಕರೆದುಕೊಂಡು ಹೋಗಬೇಕು ಅಂತ ಪ್ಲ್ಯಾನ್ ಮಾಡಿದ್ದು, ನಮ್ಮ ಹಣೆಬರಹ.

ಸರಿ, ಐಸ್ ಪುಕ್ಕಟೆ. ಹಾಗಾದರೆ ದುಡ್ಡು ಎಲ್ಲಿ ಹೋಗುತ್ತದೆ? ಕಾಲಿಗೆ. ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಕತ್ತರಿ ಹಾಕಬೇಡಿ.

ಹಳೆ ಸಾಮಾನು ಮಾರುವ ಅಂಗಡಿಯಲ್ಲಿ 40 ಡಾಲರಿಗೆ ಬಿಳಿ ಸ್ಕೇಟ್ ಸಿಕ್ಕಿತು. ಇಲ್ಲಿನ ಒಂದು ಡಾಲರ್ ಅಂದರೆ ನಮ್ಮ ಅರವತ್ತು ಚಿಲ್ಲರೆ ರೂಪಾಯಿ. ನನ್ನ ಚಪ್ಪಲಿ ಸೈಜ್ ಏಳು, ಅದೂ ಏಳು. ಅಮ್ಮ ಹೆಣೆದುಕೊಟ್ಟಿದ್ದ ಉಲ್ಲನ್ ಕಾಲುಚೀಲ ಹಾಕಿಕೊಂಡು, ಬೆಚ್ಚಗೆ ಕಟ್ಟಿಕೊಂಡು ಇಳಿದೆ. ಕಾಲು ಒಳಗೆ ಜಾರುತ್ತಿತ್ತು, ಗಿಣ್ಣು ಎರಡೂ ಒಳಕ್ಕೆ ಮಡಚಿಕೊಂಡು, ಹುಟ್ಟಿದ ಎಮ್ಮೆಗರು ನಿಲ್ಲೋಕೆ ನೋಡುತ್ತಲ್ಲ, ಹಾಗೆ ನಿಂತಿದ್ದೆ. ಎರಡು ವಾರ ನನ್ನ ಕಾಲೇ ಸರಿಯಿಲ್ಲ ಅಂದುಕೊಂಡೆ. ಆಮೇಲೆ ಕ್ಲಾಸಿಗೆ ಸೇರಿದಾಗ ಕೋಚ್ ಹುಡುಗಿ ಬಗ್ಗಿ ನನ್ನ ಬೂಟನ್ನು ಎರಡು ಬೆರಳಲ್ಲಿ ಒತ್ತಿದಳು. ಅದು ಹಪ್ಪಳದ ಹಿಟ್ಟಿನ ಹಾಗೆ ಒಳಗೆ ಹೋಯಿತು. ‘ಇದರಲ್ಲಿ ನಾನೂ ನಿಲ್ಲಲ್ಲ’ ಅಂದಳು.

ಸ್ಕೇಟಿನ ಬೂಟು ಚಪ್ಪಲಿ ಸೈಜಿಗಿಂತ ಸಾಮಾನ್ಯವಾಗಿ ಚಿಕ್ಕದಿರಬೇಕು. ಪೇಪರ್ ಮೇಲೆ ಕಾಲಿಟ್ಟು ಸುತ್ತ ಪೆನ್ಸಿಲ್ ಎಳೆದು ಮಿಲಿಮೀಟರಿನಲ್ಲಿ ಅಳೆಯಬೇಕು, ಉದ್ದ ಅಷ್ಟೇ ಅಲ್ಲ, ಅಗಲವನ್ನೂ. ಕಾಲುಚೀಲ ತೆಳ್ಳಗಿರಬೇಕು, ದಪ್ಪ ಹಾಕಿದಷ್ಟೂ ಕಾಲು ಒಳಗೆ ಆಡುತ್ತದೆ, ಗುಳ್ಳೆ ಏಳುತ್ತದೆ, ಚಳಿನೂ ಜಾಸ್ತಿ ಆಗುತ್ತದೆ. ಇನ್ನೊಂದು, ಇದನ್ನು ಯಾರೂ ಹೇಳಲ್ಲ. ಬೂಟು ಎಷ್ಟು ಗಟ್ಟಿ ಇರಬೇಕು ಅನ್ನೋದು ಕಲಿತಿದ್ದರ ಮೇಲೆ ಅಷ್ಟೇ ಅಲ್ಲ, ತೂಕದ ಮೇಲೂ ನಿಂತಿದೆ. ಇಪ್ಪತ್ತು ಕೆಜಿ ಮಗು ಮೆತ್ತನೆ ಬೂಟಿನಲ್ಲಿ ಆರಾಮಾಗಿ ಕಲಿಯುತ್ತದೆ. ನಾನು 63 ಕೆಜಿ. ಮಗುವಿಗೆ ಬರುವ ವಿದ್ಯೆಯಲ್ಲಿ ಕಾಲು ಭಾಗ ನನಗೆ ಬರದಿದ್ದರೂ ಬೂಟು ಮಾತ್ರ ಅದಕ್ಕಿಂತ ಗಟ್ಟಿ ಬೇಕು. ‘ಹೊಸಬರು’ ಅಂತ ಬೋರ್ಡ್ ಹಾಕಿದ ಕಪಾಟಿನಿಂದ ದೊಡ್ಡವರು ಕೊಂಡರೆ ದುಡ್ಡು ನೀರಿಗೆ ಹಾಕಿದ ಹಾಗೆ, ನನ್ನ 40 ಡಾಲರ್ ಹೋದ ಹಾಗೆ.

ಎರಡನೇ ಜೋಡಿ ನಮ್ಮ ಗೋದಾಮಿನಲ್ಲೇ ಕೆಲಸ ಮಾಡುವ ಫಿಲಿಪ್ಪೀನ್ಸಿನ ಗೆಳತಿಯ ಮಗಳದ್ದು. ಹುಡುಗಿಯ ಕಾಲು ಬೆಳೆದು ಬೂಟು ಮೂಲೆ ಸೇರಿತ್ತು. ಜಾಕ್ಸನ್ ಅಂತ, ನಮ್ಮ ಒಂಟಾರಿಯೊ ಪ್ರಾಂತ್ಯದ್ದೇ ಕಂಪನಿ. 120 ಡಾಲರಿಗೆ ಕೊಟ್ಟಳು. ಹೊಸದಾಗಿ ತಗೊಂಡಿದ್ದರೆ ಅದರ ಎರಡು ಮೂರು ಪಟ್ಟು ಆಗುತ್ತಿತ್ತು. ಹಳೇದು ಕೊಳ್ಳುವಾಗ ಗಿಣ್ಣಿನ ಹತ್ತಿರ ಚರ್ಮ ಆಳವಾಗಿ ಮಡಿಕೆ ಬಿದ್ದಿದ್ದರೆ ಬಿಟ್ಟುಬಿಡಿ, ಅದು ಸತ್ತ ಬೂಟು. ಬ್ಲೇಡಿಗೆ ಮೇಲುಮೇಲೆ ತುಕ್ಕು ಹಿಡಿದಿದ್ದರೆ ಪರವಾಗಿಲ್ಲ. ಆದರೆ ಸಾಣೆ ಹಿಡಿದು ಹಿಡಿದು ಬ್ಲೇಡ್ ಸವೆದಿದ್ದರೆ ಬೇಡ.

ಈಗ ಸಾಣೆ ಕಥೆ. ಇದನ್ನು ಬರೆಯುವಾಗ ಇನ್ನೂ ಹೊಟ್ಟೆ ಉರಿಯುತ್ತದೆ. ಫಿಗರ್ ಸ್ಕೇಟಿನ ಬ್ಲೇಡ್ ಸುಮಾರು 4 ಮಿಲಿಮೀಟರ್ ದಪ್ಪ. ನಮ್ಮ ಮೆಟ್ಟುಗತ್ತಿ ಹಾಗೆ ಒಂದೇ ಅಲಗಲ್ಲ. ತಳದಲ್ಲಿ ಉದ್ದಕ್ಕೂ ಸಣ್ಣ ಕಾಲುವೆ ತೋಡಿದ ಹಾಗಿರುತ್ತದೆ, ಆ ಕಾಲುವೆಯ ಎರಡು ದಡಗಳೇ ಎರಡು ಎಡ್ಜ್, ಒಳಗಿನದು ಮತ್ತು ಹೊರಗಿನದು. ಇಡೀ ಆಟ ಅಂದರೆ ಯಾವ ಹೊತ್ತಿಗೆ ಯಾವ ದಡದ ಮೇಲೆ ಒರಗಬೇಕು ಅನ್ನೋದೇ. ಮುಂದೆ ತುದಿಯಲ್ಲಿ ಗರಗಸದ ಹಲ್ಲಿನ ಹಾಗೆ ಟೋ ಪಿಕ್ ಇರುತ್ತದೆ. ಹಾಕಿ ಸ್ಕೇಟಿಗೆ ಅದು ಇರಲ್ಲ. ಬ್ಲೇಡ್ ಮೊಂಡಾಯಿತು ಅಂತ ನಾನು ಬಸ್ ಸ್ಟಾಪಿನ ಹತ್ತಿರದ ಒಂದು ಹಾಕಿ ಸಾಮಾನಿನ ಅಂಗಡಿಗೆ ಹೋದೆ. ಎಂಟೇ ಡಾಲರ್! ಹುಡುಗ ಕಿಡಿ ಹಾರಿಸುತ್ತಾ ಎರಡು ನಿಮಿಷದಲ್ಲಿ ಮಾಡಿಕೊಟ್ಟ, ನಾನು ಥ್ಯಾಂಕ್ಸ್ ಬೇರೆ ಹೇಳಿ ಬಂದೆ. ಮರುದಿನ ಐಸಿಗೆ ಇಳಿದು ಒಂದು ಸುತ್ತು ತಿರುಗುವಷ್ಟರಲ್ಲಿ ಏನೋ ಬೇರೆ ಥರ ಅನ್ನಿಸಿತು. ಮುಂದಕ್ಕೆ ಭಾರ ಬಿಟ್ಟರೆ ಹಿಡಿಯುತ್ತಲೇ ಇಲ್ಲ. ಬೆಂಚಿನ ಮೇಲೆ ಕೂತು ಗ್ಲೌಸ್ ತೆಗೆದು ಬೆರಳಾಡಿಸಿ ನೋಡಿದೆ. ಟೋ ಪಿಕ್ಕಿನ ಎಲ್ಲಕ್ಕಿಂತ ಕೆಳಗಿನ ಹಲ್ಲು, ಒಂದು ಕಾಲಲ್ಲಿ ಪೂರ್ತಿ ಇಲ್ಲ, ಇನ್ನೊಂದರಲ್ಲಿ ಅರ್ಧ. ನುಣ್ಣಗೆ, ಬಳಪ ಉಜ್ಜಿದ ಹಾಗೆ. ಹಾಕಿ ಬ್ಲೇಡ್ ಅಂದುಕೊಂಡು ಆ ಪುಣ್ಯಾತ್ಮ ತುದಿಯವರೆಗೂ ಎಳೆದುಬಿಟ್ಟಿದ್ದ.

ಅಂಗಡಿಯಲ್ಲಿ ಕೇಳಿದರೆ ‘ಮೇಡಂ, ಎಲ್ಲರಿಗೂ ಹೀಗೇ ಮಾಡೋದು’ ಅಂದ. ಆಮೇಲೆ ಕೋಚ್ ಹೇಳಿದ ಒಬ್ಬರ ಹತ್ತಿರ ಹೋದೆ, ಬರೀ ಫಿಗರ್ ಬ್ಲೇಡ್ ಮಾತ್ರ ಮಾಡುವವರು, ಮನೆಯ ನೆಲಮಾಳಿಗೆಯಲ್ಲಿ. ಅವರು ಬ್ಲೇಡನ್ನು ದೀಪಕ್ಕೆ ಹಿಡಿದು ಒಂದು ನಿಮಿಷ ಮಾತಾಡಲಿಲ್ಲ, ಹೆಣ ನೋಡಿದ ಹಾಗೆ. ಉಳಿದಿದ್ದನ್ನು ಸರಿ ಮಾಡಿಕೊಟ್ಟರು. 20 ಡಾಲರ್. ಅವತ್ತಿನಿಂದ ಸಾಣೆ ಅವರ ಹತ್ತಿರ ಮಾತ್ರ, ಎರಡು ಬಸ್ ಬದಲಾಯಿಸಿದರೂ ಸರಿ. ಬಯಲು ಐಸಿನಲ್ಲಿ ಧೂಳು, ಮರಳು ಇರೋದರಿಂದ ಬ್ಲೇಡ್ ಬೇಗ ಮೊಂಡಾಗುತ್ತದೆ, ನನಗೆ ಇಪ್ಪತ್ತು ಗಂಟೆಗೊಮ್ಮೆ ಬೇಕಾಗುತ್ತದೆ. ಸ್ಕೇಟ್ ಬಿಚ್ಚಿದ ಕೂಡಲೇ ಹಳೆ ಪಂಚೆ ತುಂಡಿನಲ್ಲಿ ಒರೆಸಿ ಇಡುತ್ತೇನೆ, ಹಸಿ ಬ್ಲೇಡಿಗೆ ಪ್ಲಾಸ್ಟಿಕ್ ಕವರ್ ಹಾಕಿಟ್ಟರೆ ರಾತ್ರಿ ಬೆಳಗಾಗುವಷ್ಟರಲ್ಲಿ ತುಕ್ಕು.

ಕ್ಲಾಸಿನ ಬಗ್ಗೆ. ಪಾಲಿಕೆಯವರು ದೊಡ್ಡವರಿಗೇ ಬೇರೆ ಬ್ಯಾಚ್ ಮಾಡುತ್ತಾರೆ. ಒಂದು ಸುತ್ತಿಗೆ 90 ಡಾಲರ್ ಕೊಟ್ಟೆ. ವಾರಕ್ಕೊಂದು ಸಲ, ಹೆಲ್ಮೆಟ್ ಕಡ್ಡಾಯ, ಸೈಕಲ್ಲಿನದ್ದು ಆಗಲ್ಲ, ಹಾಕಿಯದ್ದೇ ಬೇಕು. ಆದಾಯ ಕಡಿಮೆ ಇರುವವರಿಗೆ ಪಾಲಿಕೆಯ ವೆಲ್ಕಮ್ ಪಾಲಿಸಿ ಅಂತ ಇದೆ, ಅದರಲ್ಲಿ ಇಂಥ ಕ್ಲಾಸುಗಳ ಫೀಸಿಗೆ ಸಹಾಯ ಸಿಗುತ್ತದೆ. ನನ್ನ ಬ್ಯಾಚಿನಲ್ಲೇ ಒಬ್ಬರು ಹಾಗೆ ಬಂದಿದ್ದರು. ಇಲ್ಲಿರುವ ನಮ್ಮ ಕನ್ನಡದವರು ಎಷ್ಟೋ ಜನ ನಾಚಿಕೊಂಡು ಅರ್ಜಿನೇ ಹಾಕಲ್ಲ, ಅದು ಬೇರೆ ವಿಷಯ. ಒಟ್ಟು ಒಂಬತ್ತು ಜನ ಇದ್ದೆವು. ಜಮೈಕಾದವರು, ಚೀನಾದವರು, ಜಾಫ್ನಾದ ಇಬ್ಬರು ತಮಿಳರು. ಯಾರೂ ಹುಟ್ಟಿದ್ದು ಐಸ್ ಇರುವ ಊರಲ್ಲಲ್ಲ. ಮೊದಲ ದಿನ ಎಲ್ಲರೂ ಕಟಕಟೆ ಹಿಡಿದುಕೊಂಡು ಸಾಲಾಗಿ ನಿಂತಿದ್ದೆವು, ಆರೋಪಿಗಳ ಹಾಗೆ.

ಬೀಳೋದನ್ನೇ ಮೊದಲು ಕಲಿಸಿದರು. ಪಕ್ಕಕ್ಕೆ, ಸೊಂಟದ ಮಾಂಸ ಇರುವ ಜಾಗಕ್ಕೆ ಬೀಳಬೇಕು. ಕೈ ಮುಷ್ಟಿ ಕಟ್ಟಬೇಕು, ಬೇರೆಯವರ ಬ್ಲೇಡಿಗೆ ಬೆರಳು ಸಿಗದ ಹಾಗೆ. ನನಗಿದು ಬೇಗ ಬಂತು. ಮಲೆನಾಡಿನವರಿಗೆ ಜಾರೋದು ಹೊಸದೇ? ನಮ್ಮ ಮನೆಯ ಅಂಗಳ ಆಷಾಢದಲ್ಲಿ ಪಾಚಿ ಕಟ್ಟಿ ಹಸಿರು ಗಾಜಿನ ಹಾಗಾಗುತ್ತಿತ್ತು. ಅಪ್ಪ ಕೊಟ್ಟಿಗೆವರೆಗೆ ಅಡಿಕೆ ದಬ್ಬೆ ಹಾಸಿರುತ್ತಿದ್ದರು. ಅದರ ಆಚೆ ಕಾಲಿಟ್ಟರೆ ಮಂಡಿ ಸ್ವಲ್ಪ ಬಗ್ಗಿಸಿ, ಹೆಬ್ಬೆರಳು ಊರಿ, ಮೈ ಭಾರ ಕೆಳಗೆ ಇಳಿಸಿ ನಡೆಯಬೇಕು. ಐಸಿನ ಮೇಲೂ ಅದೇ ಸೂತ್ರ, ಹೆಬ್ಬೆರಳು ಊರೋದು ಒಂದು ಬಿಟ್ಟು. ಹೆಬ್ಬೆರಳು ಊರಿದರೆ ಟೋ ಪಿಕ್ ಕಚ್ಚಿಕೊಂಡು ಮುಖ ಅಡಿಯಾಗಿ ಬೀಳ್ತೀರಿ. ಚಿಕ್ಕವಳಿದ್ದಾಗ ನಾಲ್ಕು ವರ್ಷ ಭರತನಾಟ್ಯ ಕಲಿತಿದ್ದೆ, ಅರೆಮಂಡಿ ಸಾಲದು ಅಂತ ಟೀಚರ್ ಕೋಲಿನಲ್ಲಿ ತಟ್ಟುತ್ತಿದ್ದರು. ಇಲ್ಲಿ ಕೋಚ್ ಹುಡುಗಿ ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಕೋಲು ಒಂದಿಲ್ಲ.

ಆದರೂ ಬಿದ್ದಿದ್ದೇನೆ, ಮುಚ್ಚಿಡಲ್ಲ. ಒಂದು ಸಲ ಮಣಿಕಟ್ಟು ಊದಿಕೊಂಡು ಮೂರು ವಾರ ಚಪಾತಿ ಲಟ್ಟಿಸೋಕೆ ಆಗಲಿಲ್ಲ. ಆಮೇಲೆ 15 ಡಾಲರಿಗೆ ಗಾಲಿ ಸ್ಕೇಟಿನವರು ಹಾಕುವ ಮಣಿಕಟ್ಟಿನ ಗಾರ್ಡ್, 20 ಡಾಲರಿಗೆ ವಾಲಿಬಾಲ್‌ನವರ ಮಂಡಿ ಪ್ಯಾಡ್ ತಗೊಂಡೆ. ಇವನ್ನು ಮೊದಲೇ ತಗೋಬೇಕಿತ್ತು. ದೊಡ್ಡವರು ಕಲಿಯೋಕೆ ನಿಧಾನ ಆಗೋದು ಮೈ ಗಟ್ಟಿಯಾಗಿರುತ್ತದೆ ಅಂತ ಅಷ್ಟೇ ಅಲ್ಲ, ಹೆದರಿಕೆಗೆ. ನಾಳೆ ಕೆಲಸಕ್ಕೆ ಹೋಗಬೇಕಲ್ಲ ಅನ್ನೋ ಹೆದರಿಕೆ. ಪ್ಯಾಡ್ ಇದ್ದರೆ ಮನಸ್ಸು ಸ್ವಲ್ಪ ಬಿಡುತ್ತದೆ. ಅಮ್ಮ ಫೋನಿನಲ್ಲಿ ‘ಈ ವಯಸ್ಸಲ್ಲಿ ಕಾಲು ಮುರ್ಕೊಂಡ್ರೆ ಯಾರೇ ನೋಡ್ಕೋತಾರೆ ನಿನ್ನ?’ ಅಂತ ಶುರು ಮಾಡಿದರೆ ಅರ್ಧ ಗಂಟೆ. ಮಗ ಇನ್ನೂ ಮುಂದಿನವನು. ‘ಅಮ್ಮಾ, ನಮ್ಮ ಸ್ಕೂಲ್ ಹತ್ರ ಇರೋ ರಿಂಕಿಗೆ ಮಾತ್ರ ಬರಬೇಡ’ ಅಂದ.

ಹೋಗಲಿ, ಲೆಕ್ಕ ಕೊಟ್ಟುಬಿಡುತ್ತೇನೆ, ಆ ಓದುಗರು ದುಡ್ಡಿನ ಮಾತನ್ನೇ ಎತ್ತಿದ್ದರಿಂದ. ಮೊದಲ ವರ್ಷ ಹಾಳಾದ 40, ಒಳ್ಳೆ ಬೂಟಿಗೆ 120, ಹಾಕಿ ಅಂಗಡಿಯವನ ದಕ್ಷಿಣೆ 8, ಆಮೇಲೆ ಸರಿಯಾದ ಸಾಣೆ ನಾಲ್ಕು ಸಲ 80, ಗಾರ್ಡು ಪ್ಯಾಡು ಎರಡೂ ಸೇರಿ 35, ಹೆಲ್ಮೆಟ್ 45, ಕ್ಲಾಸ್ ಎರಡು ಸುತ್ತು 180. ಒಟ್ಟು 508 ಡಾಲರ್. ಊರಿನ ಲೆಕ್ಕದಲ್ಲಿ ಮೂವತ್ತು ಸಾವಿರದ ಮೇಲೆ, ಕಡಿಮೆ ಅಂತ ನಾನು ಹೇಳಲ್ಲ. ಆದರೆ ಎರಡನೇ ವರ್ಷ ಸಾಣೆಗೆ 80, ಕ್ಲಾಸಿಗೆ 90, ಅಷ್ಟೇ. ನಮ್ಮ ಮನೆಯವರ ಜಿಮ್ ಇದಕ್ಕಿಂತ ದುಬಾರಿ, ಅದಕ್ಕೆ ಅವರು ಹೋಗೋದೂ ಇಲ್ಲ! ಬಟ್ಟೆಗೆ ಸೊನ್ನೆ. ಹಳೆ ಲೆಗ್ಗಿಂಗ್ಸ್, ಮೇಲೊಂದು ಸ್ವೆಟರ್. ಮಿಣಿಮಿಣಿ ಫ್ರಾಕು ಹಾಕದಿದ್ದರೆ ಐಸೇನೂ ಬೇಡ ಅನ್ನಲ್ಲ.

ಕ್ಲಾಸ್ ಇಲ್ಲದ ದಿನ ಅಭ್ಯಾಸ ಅಡುಗೆಮನೆಯಲ್ಲಿ. ದೋಸೆ ಬೇಯುವ ತನಕ ಒಂದೇ ಕಾಲ ಮೇಲೆ ನಿಲ್ಲೋದು, ಮಗುಚಿದ ಮೇಲೆ ಇನ್ನೊಂದು ಕಾಲು. ಕಾಲುಚೀಲ ಹಾಕಿಕೊಂಡು ನುಣುಪು ನೆಲದ ಮೇಲೆ ತ್ರೀ ಟರ್ನ್. ಅಂದರೆ ಒಂದೇ ಕಾಲಲ್ಲಿ ಮುಂದೆ ಹೋಗುತ್ತಾ ಗಕ್ಕನೆ ತಿರುಗಿ ಹಿಂದಕ್ಕೆ ಹೋಗೋದು, ಐಸಿನ ಮೇಲೆ ಇಂಗ್ಲಿಷಿನ ಮೂರರ ಅಂಕೆ ಮೂಡುತ್ತದೆ. ಎಡಗಾಲಲ್ಲಿ ನನಗೆ ಆರು ತಿಂಗಳು ಹಿಡಿಯಿತು. ಬಲಗಾಲಲ್ಲಿ ಇವತ್ತಿಗೂ ಹತ್ತಕ್ಕೆ ಆರು. ಸ್ಪಿನ್ ಮಾಡುವಾಗ ಕೈ ಚಾಚಿದ್ದರೆ ನಿಧಾನ, ಎದೆಗೆ ಎಳೆದುಕೊಂಡರೆ ಜೋರು. ಕಾಲೇಜಿನಲ್ಲಿ ಪಾಠ ಓದಿದ್ದೆ, ಮೈಗೆ ಅರ್ಥವಾಗಿದ್ದು ಇಲ್ಲೇ. ನಾನು ತಿರುಗೋದು ಎರಡೂವರೆ ಸುತ್ತು, ಆಮೇಲೆ ಸುಸ್ತಾದ ಬುಗುರಿ ಹಾಗೆ ವಾಲಿಕೊಂಡು ನಿಲ್ಲುತ್ತೇನೆ. ಜಿಗಿತದಲ್ಲಿ ವಾಲ್ಟ್ಜ್ ಜಂಪ್ ಒಂದೇ, ಅರ್ಧ ಸುತ್ತಿನದು. ಎತ್ತರ? ಒಂದು ಇಡ್ಲಿ ದಪ್ಪ. ಅದೇ ಜಿಗಿತಕ್ಕೆ ಇನ್ನೊಂದು ಪೂರ್ತಿ ಸುತ್ತು ಸೇರಿಸಿದರೆ ಆ್ಯಕ್ಸೆಲ್ ಆಗುತ್ತದೆ, 1882ರಲ್ಲಿ ನಾರ್ವೆಯ ಆ್ಯಕ್ಸೆಲ್ ಪೌಲ್ಸನ್ ಮಾಡಿದ್ದು. ಅದು ನನ್ನ ಈ ಜನ್ಮಕ್ಕಲ್ಲ, ನನಗೆ ಬೇಜಾರೂ ಇಲ್ಲ. ಜನ ಇರುವ ಹೊತ್ತಲ್ಲಿ ರಿಂಕಿನಲ್ಲಿ ಜಿಗಿಯೋಕೂ ಬಿಡಲ್ಲ.

ಯಾಕೆ ಬೇಜಾರಿಲ್ಲ ಅಂದರೆ, ನನ್ನನ್ನು ಒಳಗೆ ಎಳೆದಿದ್ದು ಜಿಗಿತ ಅಲ್ಲ, ಆ ಎಂಟು. ಫಿಗರ್ ಸ್ಕೇಟಿಂಗಿನಲ್ಲಿ ಫಿಗರ್ ಅಂದರೆ ಮೈಕಟ್ಟು ಅಂತ ನಾನು ತಿಳಿದುಕೊಂಡಿದ್ದೆ, ನಮ್ಮ ಊರಲ್ಲಿ ಎಷ್ಟೋ ಜನ ಹಾಗೇ ತಿಳಿದಿದ್ದಾರೆ. ಅಲ್ಲ. ಬ್ಲೇಡಿನಲ್ಲಿ ಐಸ್ ಮೇಲೆ ಬರೆಯುವ ಚಿತ್ತಾರ ಅದು. ಒಂದು ಕಾಲಕ್ಕೆ ಒಟ್ಟು ಅಂಕದಲ್ಲಿ ನೂರಕ್ಕೆ 60 ಆ ಚಿತ್ತಾರಕ್ಕೇ ಇತ್ತಂತೆ. ಮೊದಲು ಬರೆದ ಗೆರೆಯ ಮೇಲೇ ಮತ್ತೆ ಮತ್ತೆ ಬರೆಯಬೇಕು, ತೀರ್ಪುಗಾರರು ಐಸಿನ ಮೇಲೆ ಬಗ್ಗಿ ನೋಡುತ್ತಿದ್ದರು. ಟಿವಿಯವರಿಗೆ ಇದನ್ನು ತೋರಿಸೋಕೆ ಬೇಜಾರು. ಅಂಕ ಕಡಿಮೆ ಆಗುತ್ತಾ ಆಗುತ್ತಾ, 1990ರಲ್ಲಿ ಇದೇ ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಆದ ಮೇಲೆ ಫಿಗರನ್ನೇ ಕೈಬಿಟ್ಟರು. ಹೆಸರು ಮಾತ್ರ ಉಳಿಯಿತು, ಎಣ್ಣೆ ಇಲ್ಲದ ಎಣ್ಣೆಗಾಯಿ ಹಾಗೆ.

ನನ್ನ ಕೇಳಿದರೆ ನಮ್ಮಂಥವರಿಗೆ ಉಳಿದಿರೋದೇ ಆ ಭಾಗ. ಒಂದು ಮೂಲೆ ಸಾಕು, ಕೋಚ್ ದಿನಾ ಬೇಕಿಲ್ಲ, ಮಂಡಿಗೆ ಏಟು ಕಡಿಮೆ. ಐಸ್ ಸರಿ ಮಾಡುವ ಜಾಂಬೋನಿ ಯಂತ್ರ ಹೋದ ಮೇಲೆ ಹತ್ತು ನಿಮಿಷ ರಿಂಕು ಸಾರಿಸಿದ ಅಂಗಳದ ಹಾಗಿರುತ್ತದೆ. ಆಗ ನಾನು ಮೂಲೆಗೆ ಹೋಗಿ ನಿಲ್ಲುತ್ತೇನೆ. ಬಲಗಾಲ ಹೊರ ಎಡ್ಜಿನ ಮೇಲೆ ಒರಗಿ ಒಂದು ಸುತ್ತು, ಶುರು ಮಾಡಿದ ಜಾಗಕ್ಕೇ ಬಂದು ಎಡಗಾಲು ಬದಲಾಯಿಸಿ ಇನ್ನೊಂದು. ನಿಂತು ಹಿಂತಿರುಗಿ ನೋಡಬೇಕು. ಗೆರೆ ಸುಳ್ಳು ಹೇಳಲ್ಲ. ಎಲ್ಲಿ ಹೆದರಿದೆ, ಎಲ್ಲಿ ಭುಜ ಸೊಟ್ಟ ಆಯಿತು, ಎಲ್ಲಿ ಇನ್ನೊಂದು ಕಾಲು ತಾಗಿಸಿದೆ, ಎಲ್ಲಾ ಬರೆದಿರುತ್ತದೆ. ಮೊದಮೊದಲು ನನ್ನ ಎಂಟು, ಒಂದು ಕಡೆ ಕುಂಬಳಕಾಯಿ ಒಂದು ಕಡೆ ನಿಂಬೆಹಣ್ಣು. ಅಜ್ಜಿ ರಂಗೋಲಿ ಹಾಕುವಾಗ ಎಳೆ ಸೇರದಿದ್ದರೆ ಕಾಲಲ್ಲಿ ಒರೆಸಿ ಮತ್ತೆ ಹಾಕುತ್ತಿದ್ದರು. ಇಲ್ಲಿ ಒರೆಸೋಕಾಗಲ್ಲ, ಮುಂದಿನ ಜಾಂಬೋನಿ ಬರುವ ತನಕ ಆ ಕುಂಬಳಕಾಯಿಯನ್ನು ಎಲ್ಲರೂ ನೋಡುತ್ತಾರೆ.

ವಯಸ್ಸಿನ ಮಾತೂ ಬಂದಿತ್ತಲ್ಲ. 2024ರ ಮಾರ್ಚಿನಲ್ಲಿ ಮಾಂಟ್ರಿಯಲ್‌ನಲ್ಲಿ ಕೆನಡಾದ ಡಿಯಾನಾ ಸ್ಟೆಲಾಟೊ-ಡೂಡೆಕ್ ಅವರು ಮ್ಯಾಕ್ಸಿಮ್ ಡೆಷಾಂ ಜೊತೆ ಜೋಡಿ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದರು. ಆಗ ಆಕೆಗೆ 40 ವರ್ಷ. ಅಷ್ಟು ವಯಸ್ಸಿಗೆ ಫಿಗರ್ ಸ್ಕೇಟಿಂಗಿನಲ್ಲಿ ವಿಶ್ವ ಪಟ್ಟ ಗೆದ್ದ ಹೆಂಗಸು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ನಾನು ಇದನ್ನು ಅಮ್ಮನಿಗೆ ಹೇಳಿದೆ. ಆದರೆ ಪೂರ್ತಿ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಆಕೆ ಹುಡುಗಿಯಾಗಿದ್ದಾಗಲೇ ದೊಡ್ಡ ಸ್ಕೇಟರ್, ಹದಿನಾರು ವರ್ಷ ಬಿಟ್ಟು ಮತ್ತೆ ಬಂದವರು. ನನ್ನ ಹಾಗೆ ಬಸ್ ತಪ್ಪಿ ಬಂದವರಲ್ಲ. ನನ್ನಂಥವರಿಗೂ ಒಂದು ಜಾಗ ಇದೆ. ಜರ್ಮನಿಯ ಓಬರ್ಸ್ಟ್‌ಡಾರ್ಫ್‌ನಲ್ಲಿ 2005ರಿಂದ ದೊಡ್ಡವರಿಗಾಗಿಯೇ ಅಂತಾರಾಷ್ಟ್ರೀಯ ಸ್ಪರ್ಧೆ ನಡೆಯುತ್ತಿದೆ, 28 ದಾಟಿದವರಿಗೆ. ಅಜ್ಜ ಅಜ್ಜಿಯರೂ ಇಳಿಯುತ್ತಾರೆ. ವಿಡಿಯೊ ನೋಡಿದರೆ ಮನಸ್ಸು ತಂಪಾಗುತ್ತದೆ. ನನಗೆ ಟಿಕೆಟ್ಟಿನ ದುಡ್ಡಿಲ್ಲ, ನೋಡಿದ್ದೇ ಬಂತು.

ಇನ್ನು ನಮ್ಮ ಕರ್ನಾಟಕದ ವಿಷಯ, ಈ ಪತ್ರ ಬರೆದಿದ್ದೇ ಅದಕ್ಕೆ ಅಂದರೂ ಸರಿ. ಐಸ್ ಬೇಕು ಅಂದರೆ ದೂರ ಹೋಗಬೇಕು, ಒಪ್ಪಿದೆ. ಶಿಮ್ಲಾದಲ್ಲಿ 1920ರಿಂದ ಬಯಲು ರಿಂಕ್ ಇದೆ, ಚಳಿ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಡೆಹ್ರಾಡೂನಿನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಅಂತ ದೊಡ್ಡ ಒಳಾಂಗಣ ರಿಂಕ್ ಕಟ್ಟಿದರು, ಅದು ವರ್ಷಗಟ್ಟಲೆ ಬೀಗ ಹಾಕಿಕೊಂಡಿದ್ದು 2025ರಲ್ಲಿ ಮತ್ತೆ ತೆರೆಯಿತು. ಬೆಂಗಳೂರಿನವರು ಅದಕ್ಕಾಗಿ ಡೆಹ್ರಾಡೂನಿಗೆ ಹೋಗಿ ಅಂತ ನಾನು ಹೇಳಲ್ಲ. ಆದರೆ ಗಾಲಿ ಸ್ಕೇಟಿಂಗಿನಲ್ಲೂ ಆರ್ಟಿಸ್ಟಿಕ್ ಅಂತ ಒಂದು ವಿಭಾಗ ಇದೆ, ನಮ್ಮ ದೇಶದಲ್ಲೂ ಅದರ ಸ್ಪರ್ಧೆ ನಡೆಯುತ್ತದೆ. ಅದೇ ಜಿಗಿತ, ಅದೇ ಸ್ಪಿನ್, ಅದೇ ಒಳ ಎಡ್ಜು ಹೊರ ಎಡ್ಜು. ನೆಲದ ಮೇಲೆ ಬಣ್ಣದಲ್ಲಿ ಬಳಿದ ವೃತ್ತದ ಮೇಲೆ ಎಂಟು ಬರೆಯುವ ಪದ್ಧತಿನೂ ಉಂಟು. ನಮ್ಮ ಊರುಗಳಲ್ಲಿ ಗಾಲಿ ಸ್ಕೇಟಿಂಗಿಗೇನೂ ಬರ ಇಲ್ಲ, ಸಂಜೆ ಯಾವ ರಿಂಕಿಗೆ ಹೋದರೂ ಮಕ್ಕಳು ಜುಂ ಅಂತ ಓಡುತ್ತಿರುತ್ತಾರೆ.

ಹೋದ ಬೇಸಿಗೆಯಲ್ಲಿ ಊರಿಗೆ ಬಂದಾಗ ಅಂಥ ಒಂದು ರಿಂಕಿಗೆ ಹೋದೆ. ಯಾವ ಊರು ಅಂತ ಬೇಡ, ಆ ಸರ್ ಒಳ್ಳೆಯವರೇ. ಸೇರಬೇಕಿತ್ತು ಅಂದೆ. ‘ಮಗು ಎಲ್ಲಿ ಮೇಡಂ? ಎಷ್ಟು ವರ್ಷ?’ ಅಂದರು. ನಾನೇ ಸರ್, ನಲವತ್ತನಾಲ್ಕು ಅಂದೆ. ಅವರು ನಕ್ಕರು, ಕೆಟ್ಟದಾಗಿ ಅಲ್ಲ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು. ಆಮೇಲೆ ‘ದೊಡ್ಡವರ ಬ್ಯಾಚ್ ಇಲ್ಲ ಮೇಡಂ, ಬಿದ್ದರೆ ಜವಾಬ್ದಾರಿ ಯಾರು?’ ಅಂದರು. ಸುತ್ತ ಕಲ್ಲುಬೆಂಚಿನ ಮೇಲೆ ಇಪ್ಪತ್ತೈದು ಮೂವತ್ತು ಅಪ್ಪ ಅಮ್ಮಂದಿರು ಫೋನ್ ನೋಡುತ್ತಾ ಕೂತಿದ್ದರು. ಅವರ ಮಕ್ಕಳು ಒಳಗೆ, ಅವರು ಹೊರಗೆ. ಎಂಟು ಗಂಟೆಗೆ ಮಕ್ಕಳು ಹೋದರು, ಒಂದೊಂದೇ ದೀಪ ಆರಿಸಿದರು, ನೆಲ ಖಾಲಿ.

ಆ ಖಾಲಿ ಗಂಟೆಯನ್ನೇ ನಾನು ಕೇಳುತ್ತಿರೋದು. ವಾರಕ್ಕೆ ಒಂದು ದಿನ ಎಂಟರಿಂದ ಒಂಬತ್ತು, ಕೂತಿರುವ ಅಪ್ಪ ಅಮ್ಮಂದಿರಿಗೆ. ಬಿದ್ದರೆ ನನ್ನ ಜವಾಬ್ದಾರಿ ಅಂತ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳಿ, ನಾನಂತೂ ಇಲ್ಲಿ ಹಾಕಿದ್ದೇನೆ. ಹೆಲ್ಮೆಟ್, ಪ್ಯಾಡ್ ಕಡ್ಡಾಯ ಮಾಡಿ. ಬಾಡಿಗೆಗೆ ದೊಡ್ಡ ಸೈಜಿನ ಗಾಲಿ ಸ್ಕೇಟ್ ನಾಲ್ಕೈದು ಜೊತೆ ಇಟ್ಟರೆ ಮೊದಲ ತಿಂಗಳು ಯಾರೂ ಏನೂ ಕೊಳ್ಳಬೇಕಾಗಿಲ್ಲ. ನೆಲದ ಒಂದು ಮೂಲೆಯಲ್ಲಿ ಎರಡು ವೃತ್ತ ಬಳಿಯೋಕೆ ಒಂದು ಡಬ್ಬಿ ಬಿಳಿ ಪೇಂಟ್ ಸಾಕು. ಇದನ್ನು ಓದಿದ ರಿಂಕಿನ ಯಾರಾದರೂ ಒಬ್ಬರು ಮಾಡಿದರೆ, ದಯವಿಟ್ಟು ಇದೇ ಅಂಕಣಕ್ಕೆ ಎರಡು ಸಾಲು ಬರೆಯಿರಿ, ಬಸ್ಸಿನಲ್ಲಿ ಓದುತ್ತೇನೆ. ಮುಂದಿನ ಬೇಸಿಗೆಗೆ ಬಂದಾಗ ಮೊದಲ ಫೀಸು ನನ್ನದೇ.

ಇಂತಿ ನಿಮ್ಮ,
ಸಾಗರ ಕಡೆಯ ಒಬ್ಬ ಓದುಗಿ
ಸ್ಕಾರ್ಬರೊ, ಟೊರಾಂಟೊ